ಎಕೋದಲ್ಲಿ ‘ಪಂಪಿಂಗ್ 30’ ಅಂತ ಬಂದರೆ ಅಪ್ಪನಿಗೆ ಇನ್ನೆಷ್ಟು ವರ್ಷ?

ನೀವು ಕೇಳಿರುವುದು ಎರಡು ಪ್ರಶ್ನೆ. ತೀರ್ಥಹಳ್ಳಿ ಕಡೆಯ ನಿಮ್ಮ ತಂದೆಗೆ 61 ವರ್ಷ, ನಾಲ್ಕು ಹೆಜ್ಜೆ ನಡೆದರೆ ಉಬ್ಬಸ, ಸಂಜೆಯಾದರೆ ಕಾಲು ಬಾವು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗಿನಲ್ಲಿ, ಪಂಪಿಂಗ್ 30. ಮೊಬೈಲಿನಲ್ಲಿ ಹುಡುಕಿದರೆ ‘ಐದು ವರ್ಷ’ ಅಂತ ಕಂಡಿದೆ. ಎಕೋ ನೋಡಿ ಹಾಗೆ ಆಯುಷ್ಯ ಹೇಳಬಹುದಾ ಅನ್ನುವುದು ಒಂದು. ಮೂರು ತಿಂಗಳು ಬಿಟ್ಟು ಮತ್ತೆ ಎಕೋ ಮಾಡಿಸಿ ಅಂದಿದ್ದಾರಲ್ಲ, ಅದು ನಿಜಕ್ಕೂ ಬೇಕಾ ಇಲ್ಲ ದುಡ್ಡಿಗಾ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಉತ್ತರ: ಬೇಕು. ನನ್ನನ್ನು ಕೇಳಿದರೆ ಈಗ ಮಾಡಿಸಿದ ಎಕೋಗಿಂತ ಆ ಎರಡನೆಯ ಎಕೋನೇ ದೊಡ್ಡದು. ಯಾಕೆ ಅನ್ನುವುದರಲ್ಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಡಾಕ್ಟರ್ ಅಲ್ಲ. ಶಿವಮೊಗ್ಗದ ಎಕೋ ರೂಮೊಂದರಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ಪ್ರೋಬ್ ಹಿಡಿಯುವುದು, ಅಳತೆ ತೆಗೆಯುವುದು ನನ್ನ ಕೆಲಸ. ಅದನ್ನು ನೋಡಿ ತೀರ್ಮಾನ ಬರೆದು ಸಹಿ ಹಾಕುವವರು ಹೃದ್ರೋಗ ತಜ್ಞರು. ಆದರೆ ಆ ಕತ್ತಲೆ ರೂಮಿನಲ್ಲಿ ಎಡಮಗ್ಗುಲಿಗೆ ಮಲಗಿ, ಎದೆ ಮೇಲೆ ತಣ್ಣನೆ ಜೆಲ್ ಹಚ್ಚಿಸಿಕೊಂಡವರು ಮೊದಲು ಕೇಳುವುದು ನನ್ನನ್ನೇ. “ಎಂತ ಕಾಣ್ತದೆ ಮಾರಾಯ್ತಿ?” ಅಂತ. “ಡಾಕ್ಟ್ರು ಹೇಳ್ತಾರೆ ಅಜ್ಜಾ” ಅನ್ನುವುದು ನನ್ನ ಖಾಯಂ ಉತ್ತರ.

ಈ ಉತ್ತರ ಕಲಿಯಲಿಕ್ಕೆ ನನಗೊಂದು ಪೆಟ್ಟು ಬೀಳಬೇಕಾಯಿತು. ಕೆಲಸಕ್ಕೆ ಸೇರಿದ ಹೊಸತು. ಹೊಸನಗರದ ಕಡೆಯ ಒಬ್ಬರ ಎಕೋ ಮುಗಿಸಿ ಹೊರಗೆ ಬಂದಾಗ ಮಗ ತಡೆದು ಕೇಳಿದ. ಬಾಯಿತಪ್ಪಿ “ಇಪ್ಪತ್ತು” ಅಂದುಬಿಟ್ಟೆ. ಅಷ್ಟೇ. ಎರಡು ತಿಂಗಳೊಳಗೆ ಆ ಮನೆಯಲ್ಲಿ ತೋಟ ಹಿಸ್ಸೆಯಾಯಿತು, ಮೊಮ್ಮಗಳ ಮದುವೆಯನ್ನು ಅವಸರವಸರವಾಗಿ ಮಾಡಿ ಮುಗಿಸಿದರು. ಯಜಮಾನರು ಮದುವೆ ಊಟ ಮಾಡಿದರು, ಮರಿಮಗುವಿನ ನಾಮಕರಣದ ಊಟವನ್ನೂ ಮಾಡಿದರು, ಅದಾಗಿ ಎಷ್ಟೋ ವರ್ಷ ನನ್ನ ಹತ್ತಿರ ಎಕೋಗೆ ಬರುತ್ತಿದ್ದರು. ಬಂದಾಗಲೆಲ್ಲ “ನಿನ್ನ ಇಪ್ಪತ್ತರಿಂದ ನನ್ನ ಆಸ್ತಿ ಪಾಲಾಗಿ ಹೋಯ್ತಲ್ಲೇ” ಅಂತ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ತೊಂದರೆ ಎಲ್ಲಿದೆ ಅಂದರೆ ನಾವೆಲ್ಲ ಈ ಸಂಖ್ಯೆಯನ್ನು ಮಾರ್ಕ್ಸ್ ಕಾರ್ಡ್ ಹಾಗೆ ಓದುತ್ತೇವೆ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಗೆ 35 ಪಾಸು. 30 ಅಂದರೆ ಫೇಲು. ಹಾರ್ಟ್ ಬೇರೆ ‘ಫೇಲ್ಯೂರ್’ ಅಂತ ಬರೆದಿರುತ್ತಾರೆ, ಮುಗಿಯಿತಲ್ಲ. ಆದರೆ ಇದರಲ್ಲಿ ನೂರಕ್ಕೆ ನೂರು ಯಾರಿಗೂ ಇಲ್ಲ. ನೀವು ಪಂಪಿಂಗ್ ಅನ್ನುವುದನ್ನೇ ನಾವು ಇಎಫ್, ಅಂದರೆ ಇಜೆಕ್ಷನ್ ಫ್ರ್ಯಾಕ್ಷನ್, ಅನ್ನುತ್ತೇವೆ; ಅದು ಗಟ್ಟಿಮುಟ್ಟಾದ ಗಂಡಸಿಗೆ 52ರಿಂದ 72, ಹೆಂಗಸಿಗೆ 54ರಿಂದ 74. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಎಡಗಡೆಯ ಕೆಳಗಿನ ಕೋಣೆಯಲ್ಲಿ, ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವುದಷ್ಟೇ ಅದರ ಅರ್ಥ. ಎಷ್ಟು ಹೋಯಿತು ಅಂತಲ್ಲ, ಎಷ್ಟು ಪಾಲು ಹೋಯಿತು ಅಂತ. ಆರೋಗ್ಯವಂತನ ಹೃದಯದಲ್ಲಿ 120 ಮಿಲಿ ತುಂಬಿ 70 ಮಿಲಿ ಹೊರಬಿದ್ದರೆ ಇಎಫ್ 58. ಹಿಗ್ಗಿದ ಹೃದಯದಲ್ಲಿ 220 ತುಂಬಿ 66 ಹೊರಬಿದ್ದರೆ ಇಎಫ್ 30. ಹೊರಗೆ ಹೋದದ್ದನ್ನು ನೋಡಿ: 70, 66. ಕೂತಲ್ಲಿ ಕೂತರೆ ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ! 30 ಅಂದರೆ ಹೃದಯದ 70 ಭಾಗ ಸತ್ತಿದೆ ಅಂತ ಅಲ್ಲವೇ ಅಲ್ಲ. ಸೋತ ಹೃದಯ ಹಿಗ್ಗಿ, ದೊಡ್ಡ ಕೊಡದಿಂದ ಸ್ವಲ್ಪ ಸ್ವಲ್ಪವೇ ಚೆಲ್ಲಿ ಸಂಸಾರ ತೂಗಿಸುತ್ತಿದೆ ಅಂತ. ಏರು ಹತ್ತುವಾಗ ಅದು ಸಾಲುವುದಿಲ್ಲ, ಹಾಗಾಗಿ ಏದುಸಿರು.

ಅದಕ್ಕೇ ನಾವು ಇಎಫ್ ಜೊತೆಗೆ ಹೃದಯದ ಗಾತ್ರವನ್ನೂ ಬರೆಯುತ್ತೇವೆ. ರಿಪೋರ್ಟಿನಲ್ಲಿ ಆ ಸಾಲನ್ನು ಯಾರೂ ಓದುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ಜಲಾಶಯದ ಮಟ್ಟ ಹಾಕುತ್ತಾರಲ್ಲ, ನಿಮ್ಮ ಮನೆಯಲ್ಲೂ ಯಾರಾದರೂ ದಿನಾ ನೋಡುತ್ತಿರಬೇಕು. ಲಿಂಗನಮಕ್ಕಿ: ಗರಿಷ್ಠ 1819 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಹೊರಹರಿವು ಒಂದನ್ನೇ ಹೇಳಿ ‘ಈ ಸಲ ಡ್ಯಾಂ ತುಂಬುತ್ತಾ?’ ಅಂತ ನಿಮ್ಮಪ್ಪನನ್ನು ಕೇಳಿ ನೋಡಿ. ‘ತಲೆ ಸರಿ ಉಂಟಾ ನಿನಗೆ’ ಅಂತಾರೆ. ಇಎಫ್ ಒಂದನ್ನೇ ಹಿಡಿದು ಆಯುಷ್ಯ ಕೇಳುವುದೂ ಹಾಗೇ. ಅದು ಹೊರಹರಿವಿನ ಲೆಕ್ಕ. ಹಿಂದೆ ಎಷ್ಟು ನೀರು ಒತ್ತಿ ನಿಂತಿದೆ, ‘ಕಳೆದ ಸಲ’ ಎಷ್ಟಿತ್ತು, ಇವೆರಡು ಇಲ್ಲದೆ ಅದು ಅರ್ಧ ಸುದ್ದಿ.

ಹಿಂದಿನ ಒತ್ತಡವನ್ನು ಎಕೋದಲ್ಲಿ ಹೇಗೆ ನೋಡುತ್ತೇವೆ ಅಂತ ಸ್ವಲ್ಪ ಹೇಳುತ್ತೇನೆ, ನನಗೆ ತುಂಬ ಇಷ್ಟವಾದ ಭಾಗ ಇದು. ಶ್ವಾಸಕೋಶದಿಂದ ಬಂದ ರಕ್ತ ಎಡಗಡೆಯ ಮೇಲಿನ ಕೋಣೆ ಎಡ ಹೃತ್ಕರ್ಣದಿಂದ ಮೈಟ್ರಲ್ ಕವಾಟ ದಾಟಿ ಕೆಳಗೆ ಇಳಿಯುವ ವೇಗವನ್ನು ಡಾಪ್ಲರ್‌ನಿಂದ ಅಳೆಯುತ್ತೇವೆ, ಅದು ‘ಇ’ ಅಲೆ. ಆ ಹೊತ್ತಿಗೆ ಹೃದಯದ ಸ್ನಾಯು ಎಷ್ಟು ಸಲೀಸಾಗಿ ಸಡಿಲವಾಗುತ್ತೆ ಅನ್ನುವುದು ಇನ್ನೊಂದು ಅಳತೆ, ‘ಇ ಪ್ರೈಮ್’. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 14ಕ್ಕಿಂತ ಮೇಲೆ ಬಂದರೆ ಸಾಮಾನ್ಯವಾಗಿ ಒಳಗೆ ಒತ್ತಡ ಜಾಸ್ತಿ ಇದೆ ಅಂತ: ಸ್ನಾಯು ಬಿಗಿ, ರಕ್ತ ಒತ್ತಿಕೊಂಡು ನುಗ್ಗುತ್ತಿದೆ. ಆ ‘ಇ’ ಅಲೆ ಎಷ್ಟು ಬೇಗ ಇಳಿದುಬಿಡುತ್ತೆ ಅಂತಲೂ ನೋಡುತ್ತೇವೆ. ಇಎಫ್ ಕಡಿಮೆ ಇರುವವರಲ್ಲಿ 150 ಮಿಲಿಸೆಕೆಂಡಿಗಿಂತ ಬೇಗ ಇಳಿದರೆ ಅದು ‘ರೆಸ್ಟ್ರಿಕ್ಟಿವ್’ ಮಾದರಿ, ಅಂದರೆ ಹೃದಯ ಬಿಗಿದುಕೊಂಡಿದೆ, ಒತ್ತಡ ಹೆಚ್ಚಿದೆ. ಇಎಫ್ 30 ಇರುವ ಇಬ್ಬರಲ್ಲಿ ಒಬ್ಬರಿಗೆ ಈ ಮಾದರಿ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಅವರಿಬ್ಬರ ದಾರಿ ಒಂದೇ ಅಲ್ಲ. ಇನ್ನೂ ಮುಖ್ಯ: ಮೈಯ ನೀರು ಇಳಿಸುವ ಮಾತ್ರೆ, ಬೇರೆ ಔಷಧಿ ಕೊಟ್ಟ ಮೇಲೆ ಆ ಮಾದರಿ ಸಡಿಲವಾಯಿತಾ ಇಲ್ಲವಾ ಅನ್ನುವುದು. ಸಡಿಲವಾದರೆ ಒಳ್ಳೆಯ ಸೂಚನೆ. ಔಷಧಿ ಎಷ್ಟು ಕೊಟ್ಟರೂ ಹಾಗೇ ನಿಂತಿದ್ದರೆ ಡಾಕ್ಟರುಗಳ ಮುಖ ಗಂಭೀರವಾಗುತ್ತೆ.

ಎಡ ಹೃತ್ಕರ್ಣದ ಗಾತ್ರ ಹಳೇ ಮನೆ ಗೋಡೆಯ ನೆರೆ ಗುರುತು ಇದ್ದ ಹಾಗೆ. ಒತ್ತಡ ಇವತ್ತಿನದ್ದಾ, ವರ್ಷಗಳದ್ದಾ ಅಂತ ಅದು ಹೇಳುತ್ತೆ. ಮೈಯ ಅಳತೆಗೆ ಹೊಂದಿಸಿದಾಗ 34 ಮಿಲಿ ದಾಟಿದರೆ ದೊಡ್ಡದಾಗಿದೆ ಅನ್ನುತ್ತೇವೆ.

ಆಮೇಲೆ ಬಲಭಾಗ. ಎಲ್ಲರೂ ಎಡದ ಪಂಪಿಂಗ್ ಬಗ್ಗೆ ಕೇಳುತ್ತಾರೆ. ಪ್ರೋಬ್ ಹಿಡಿದಾಗ ನನಗೆ ಎದೆ ಝಲ್ ಅನ್ನುವುದು ಬಲಭಾಗ ಸೋತದ್ದು ಕಂಡಾಗ. ಬಲಗಡೆಯ ಕವಾಟದ ಬುಡ ಒಂದೊಂದು ಬಡಿತಕ್ಕೂ ಎಷ್ಟು ಕೆಳಗಿಳಿಯುತ್ತೆ ಅಂತ ಒಂದು ಗೆರೆ ಎಳೆದು ಅಳೆಯುತ್ತೇವೆ, ಅದರ ಹೆಸರು ಟ್ಯಾಪ್ಸಿ. 17 ಮಿಲಿಮೀಟರಿಗಿಂತ ಕಡಿಮೆಯಾದರೆ ಬಲಭಾಗ ದಣಿದಿದೆ. ಕೊನೆಗೆ ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು “ಮೂಗಿನಲ್ಲಿ ಜೋರಾಗಿ ಉಸಿರು ಎಳೀರಿ” ಅನ್ನುತ್ತೇವೆ, ನಿಮ್ಮ ತಂದೆಗೂ ಹೇಳಿರುತ್ತಾರೆ. ಕೆಳಗಿನಿಂದ ಹೃದಯಕ್ಕೆ ಬರುವ ದೊಡ್ಡ ರಕ್ತನಾಳ ಆಗ ಅರ್ಧಕ್ಕಿಂತ ಹೆಚ್ಚು ಕುಗ್ಗಬೇಕು. 21 ಮಿಲಿಮೀಟರಿಗಿಂತ ದಪ್ಪಗೆ ನಿಂತು, ಉಸಿರೆಳೆದರೂ ಜಗ್ಗದಿದ್ದರೆ ಒಳಗೆ ನೀರು ಕಟ್ಟಿಕೊಂಡಿದೆ ಅಂತ. ಕಾಲು ಬಾವು, ಹೊಟ್ಟೆ ಭಾರ, ಎರಡು ತುತ್ತಿಗೇ ಊಟ ಸಾಕು ಅನ್ನುವುದು, ಇದೆಲ್ಲ ಆ ಕಡೆಯ ಕತೆ.

ಇದರ ನಡುವೆ ಮೈಟ್ರಲ್ ಕವಾಟ ಸೋರುತ್ತಿದ್ದರೆ ಇಎಫ್ ಇನ್ನೂ ಮೋಸ ಮಾಡುತ್ತೆ. ಹೊರಬಿದ್ದ ರಕ್ತದಲ್ಲಿ ಒಂದಷ್ಟು ಹಿಂದಕ್ಕೇ ಹೋಗಿರುತ್ತೆ, ಲೆಕ್ಕದಲ್ಲಿ ಮಾತ್ರ ಪಂಪಿಂಗ್ ಚೆನ್ನಾಗಿ ಕಾಣುತ್ತೆ. ಇನ್ನು ಇಎಫ್ 60 ಇದ್ದೂ ಹಾರ್ಟ್ ಫೇಲ್ಯೂರ್ ಇರುವವರು ಬೇರೆಯೇ ಇದ್ದಾರೆ. ಬಿಪಿ, ಶುಗರ್ ಇರುವ ವಯಸ್ಸಾದ ಹೆಂಗಸರೇ ಹೆಚ್ಚು. ‘ಪಂಪಿಂಗ್ ನಾರ್ಮಲ್ ಅಮ್ಮಾ’ ಅಂತ ಅವರನ್ನು ಮನೆಗೆ ಕಳಿಸಿದ್ದನ್ನು ಸಾಕಷ್ಟು ಕಂಡಿದ್ದೇನೆ. ಅದು ಈಗ ನಿಮ್ಮ ವಿಷಯವಲ್ಲ, ಬಿಡಿ.

ಇನ್ನು ಆ ‘ಐದು ವರ್ಷ’. ಹಾರ್ಟ್ ಫೇಲ್ಯೂರ್ ಪತ್ತೆಯಾದವರಲ್ಲಿ ಅರ್ಧದಷ್ಟು ಮಂದಿ ಐದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದು ಬಹುಮಟ್ಟಿಗೆ ಪಶ್ಚಿಮದ ಊರುಗಳ ಲೆಕ್ಕ, ಅಲ್ಲಿನ ರೋಗಿಗಳಲ್ಲಿ ಬಹಳ ಮಂದಿ ಎಪ್ಪತ್ತು ದಾಟಿದವರು, ಎಷ್ಟೋ ಲೆಕ್ಕ ಈಗಿನ ಔಷಧಿಗಳು ಬರುವುದಕ್ಕಿಂತ ಹಿಂದಿನವು. ನಿಮ್ಮ ತಂದೆಗೆ ಅದನ್ನು ಹಾಗೇ ಅಂಟಿಸಬೇಡಿ. 2019ರಲ್ಲಿ ಬಂದ ಡಾಪಾ-ಎಚ್‌ಎಫ್ ಅನ್ನುವ ಅಧ್ಯಯನದಲ್ಲಿ 4,744 ಮಂದಿ ಇದ್ದರು. ಅವರ ಸರಾಸರಿ ಇಎಫ್ 31, ಅಂದರೆ ಹೆಚ್ಚುಕಮ್ಮಿ ನಿಮ್ಮ ತಂದೆಯಂಥವರೇ. ಬೇರೆ ಔಷಧಿಗಳ ಮೇಲೆ ಡಾಪಾಗ್ಲಿಫ್ಲೋಜಿನ್ ಸೇರಿಸಿದ್ದಕ್ಕೆ, ರೋಗ ಉಲ್ಬಣಿಸುವುದು ಅಥವಾ ಹೃದಯದ ಕಾರಣದಿಂದ ಸಾಯುವುದು, ಎರಡೂ ಸೇರಿದ ಅಪಾಯ 26 ಶೇಕಡ ಇಳಿಯಿತು. ಶುಗರ್ ಇಲ್ಲದವರಿಗೂ ಇಳಿಯಿತು. ಅದಕ್ಕೇ ‘ನಮ್ಮಪ್ಪಂಗೆ ಶುಗರ್ ಇಲ್ಲ, ಶುಗರ್ ಮಾತ್ರೆ ಯಾಕೆ ಬರೆದಿದ್ದಾರೆ’ ಅಂತ ಮೆಡಿಕಲ್ ಶಾಪಿನಲ್ಲಿ ಗೊಂದಲವಾದರೆ ಗಾಬರಿಯಾಗಬೇಡಿ.

ಡಾಕ್ಟರುಗಳು ಭವಿಷ್ಯ ಅಂದಾಜು ಮಾಡುವ ಒಂದು ಲೆಕ್ಕವೂ ಇದೆ, ಮ್ಯಾಗಿಕ್ ಸ್ಕೋರ್ ಅಂತ. ಹೆಸರು ಮ್ಯಾಜಿಕ್ ಹಾಗೆ ಕೇಳಿದರೂ ಅದರಲ್ಲಿ ಮ್ಯಾಜಿಕ್ ಇಲ್ಲ. 30 ಅಧ್ಯಯನಗಳ 39 ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಸೇರಿಸಿ 2013ರಲ್ಲಿ ಮಾಡಿದ್ದು. ವಯಸ್ಸು, ಬಿಪಿ, ಮೈತೂಕ, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್, ಶುಗರ್ ಇದೆಯಾ, ಬೀಡಿ ಸಿಗರೇಟು ಇದೆಯಾ, ಎಷ್ಟು ನಡೆದರೆ ಉಬ್ಬಸ, ಯಾವ ಔಷಧಿ ನಡೆಯುತ್ತಿದೆ, ಹೀಗೆ 13 ವಿಷಯ ಕೇಳಿ ಒಂದು ವರ್ಷದ, ಮೂರು ವರ್ಷದ ಅಪಾಯ ಎಷ್ಟು ಅಂತ ಕೊಡುತ್ತೆ. ಆ 13ರಲ್ಲಿ ನಮ್ಮ ಎಕೋದಿಂದ ಹೋಗುವುದು ಒಂದೇ ಒಂದು, ಇಎಫ್. ಎಕೋ ರೂಮಿನವಳಾಗಿ ಇದನ್ನು ಹೇಳಲಿಕ್ಕೆ ನನಗೇನೂ ನಾಚಿಕೆಯಿಲ್ಲ. ಬಂದದ್ದು ಕೂಡ ಗುಂಪಿನ ಲೆಕ್ಕವೇ: ಇಂಥ ನೂರು ಜನರಲ್ಲಿ ಇಷ್ಟು ಮಂದಿ ಅಂತ. ಆ ನೂರರಲ್ಲಿ ನಿಮ್ಮಪ್ಪ ಯಾವ ಕಡೆ ಅಂತ ಯಾವ ಯಂತ್ರಕ್ಕೂ ಗೊತ್ತಿಲ್ಲ.

1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಎಡ್ಲರ್ ಅನ್ನುವ ಹೃದ್ರೋಗ ವೈದ್ಯ, ಹರ್ಟ್ಸ್ ಅನ್ನುವ ಭೌತವಿಜ್ಞಾನಿ ಸೇರಿ ಮೊದಲ ಸಲ ಹೃದಯದ ಎಕೋ ದಾಖಲಿಸಿದಾಗ ಅವರ ಕೈಯಲ್ಲಿದ್ದದ್ದು ಲೋಹದಲ್ಲಿ ಬಿರುಕು ಹುಡುಕುವ ಯಂತ್ರ, ಹಡಗು ಕಟ್ಟುವಲ್ಲಿ ಬಳಸುವಂಥದ್ದು. ಬಿರುಕು ಎಲ್ಲಿದೆ ಅಂತ ಅದು ಹೇಳುತ್ತಿತ್ತು. ಹಡಗು ಯಾವ ತಾರೀಕಿಗೆ ಮುಳುಗುತ್ತೆ ಅಂತ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಈಗ ಮೂರು ತಿಂಗಳ ಮಾತು. ಪಂಪಿಂಗ್ ಕಡಿಮೆ ಇರುವ ಹಾರ್ಟ್ ಫೇಲ್ಯೂರ್‌ಗೆ ಈಗ ನಾಲ್ಕು ಬಗೆಯ ಔಷಧಿ ಒಟ್ಟಿಗೆ ಕೊಡುತ್ತಾರೆ: ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಅಥವಾ ಅದರ ಜಾಗಕ್ಕೆ ಹಳೆಯ ಬಗೆಯದೊಂದು, ಮೆಟೊಪ್ರೊಲಾಲ್ ಅಥವಾ ಕಾರ್ವೆಡಿಲಾಲ್ ಥರದ್ದು, ಸ್ಪೈರೊನೊಲ್ಯಾಕ್ಟೋನ್ ಥರದ್ದು, ಮತ್ತೆ ಆಗಲೇ ಹೇಳಿದ ಡಾಪಾಗ್ಲಿಫ್ಲೋಜಿನ್ ಜಾತಿಯದ್ದು. ಚಿಕ್ಕ ಡೋಸಿನಿಂದ ಶುರುಮಾಡಿ ಬಿಪಿ, ಪೊಟ್ಯಾಸಿಯಂ, ಕಿಡ್ನಿ ನೋಡಿಕೊಂಡು ಏರಿಸುತ್ತಾರೆ. ಹಿಗ್ಗಿದ ಹೃದಯ ಕುಗ್ಗಿ ಆಕಾರಕ್ಕೆ ಬರಲು ತಿಂಗಳುಗಳೇ ಬೇಕು. ಎದೆಯೊಳಗೆ ಶಾಕ್ ಕೊಡುವ ಯಂತ್ರ, ಐಸಿಡಿ, ಕೂರಿಸಬೇಕಾ ಅಂತ ತೀರ್ಮಾನಿಸುವುದೂ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಸರಿಯಾದ ಔಷಧಿ ನಡೆದ ಮೇಲೆ, ಆಗಲೂ ಇಎಫ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ. ಅಷ್ಟು ದೊಡ್ಡ ಖರ್ಚಿನ ನಿರ್ಧಾರ ಆ ಎರಡನೆಯ ಎಕೋ ಮೇಲೆ ನಿಂತಿರುವಾಗ ಅದನ್ನು ದುಡ್ಡಿಗೆ ಮಾಡಿಸುವುದು ಅಂತ ಹೇಗೆ ಹೇಳಲಿ? ಬ್ಲಾಕ್ ಇಲ್ಲದ, ಸ್ನಾಯು ಮಾತ್ರ ಸೋತ ಹೃದಯಗಳು ಔಷಧಿಗೆ ಚೆನ್ನಾಗಿ ಚೇತರಿಸಿಕೊಂಡದ್ದನ್ನು ನಾನೇ ಬೇಕಾದಷ್ಟು ಅಳೆದಿದ್ದೇನೆ. ಮೊದಲ ಎಕೋ ಹೃದಯ ಹೇಗಿದೆ ಅಂತ ತೋರಿಸಿತು. ಔಷಧಿಗೆ ಅದು ಓಗೊಡುತ್ತಾ ಇಲ್ಲವಾ ಅಂತ ತೋರಿಸುವುದು ಎರಡನೆಯದು, ಮುಂದಿನ ದಾರಿ ಕಾಣುವುದೂ ಅಲ್ಲಿಂದಲೇ.

ಚೇತರಿಸಿಕೊಂಡ ಮೇಲಿನ ಅಪಾಯವನ್ನೂ ಹೇಳಿಬಿಡುತ್ತೇನೆ, ಇದು ನಮ್ಮ ಮನೆಯದ್ದೇ. ನಮ್ಮ ದೊಡ್ಡಪ್ಪ, ಸಾಗರದ ಹತ್ತಿರದವರು, ಅಡಿಕೆ ತೋಟ. ಮೊದಲು ಇಎಫ್ 25. ಬ್ಲಾಕ್ ಇರಲಿಲ್ಲ. ಒಂದೂವರೆ ವರ್ಷ ಔಷಧಿ ತೆಗೆದುಕೊಂಡು 52ಕ್ಕೆ ಬಂದರು, ನಾನೇ ಅಳೆದೆ, ಮನೆಯಲ್ಲಿ ಹಬ್ಬ. ಆ ವರ್ಷ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ಮುಗಿದವು; ‘ಸರಿಯಾಯ್ತಲ್ಲ, ಇನ್ನೆಂತಕ್ಕೆ’ ಅಂತ ತರಿಸಲೇ ಇಲ್ಲ. ದೊಡ್ಡಮ್ಮನಿಗೂ ಹೇಳಲಿಲ್ಲ. ಮುಂದಿನ ಆಷಾಢದಲ್ಲಿ ತೋಟದಿಂದ ಮನೆಗೆ ದರೆ ಹತ್ತಲಾರದೆ ಕೂತುಬಿಟ್ಟರು. ಇಎಫ್ 31. ಇದು ಅವರೊಬ್ಬರ ಹಣೆಬರಹ ಅಂತ ಅಂದುಕೊಂಡಿದ್ದೆ. ಬ್ರಿಟನ್ನಿನಲ್ಲಿ ನಡೆದ ಟ್ರೆಡ್-ಎಚ್‌ಎಫ್ ಅಧ್ಯಯನದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ: ಹೀಗೆ ಪೂರ್ತಿ ಚೇತರಿಸಿಕೊಂಡವರಲ್ಲಿ 25 ಮಂದಿಗೆ ಹಂತಹಂತವಾಗಿ ಔಷಧಿ ನಿಲ್ಲಿಸಿದರು, ಆರು ತಿಂಗಳೊಳಗೆ 11 ಮಂದಿಗೆ ರೋಗ ಮರಳಿತು. ಔಷಧಿ ಮುಂದುವರಿಸಿದ 26 ಮಂದಿಯಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಇಲ್ಲ. ದೊಡ್ಡಪ್ಪ ಈಗ 44ರಲ್ಲಿದ್ದಾರೆ. ಮಾತ್ರೆ ಡಬ್ಬಿ ದೊಡ್ಡಮ್ಮನ ಸುಪರ್ದಿಯಲ್ಲಿದೆ.

ಹೋಲಿಸುವಾಗ ಒಂದು ಎಚ್ಚರ ಇರಲಿ. ಒಂದೇ ಹೃದಯವನ್ನು ಇಬ್ಬರು ಅಳೆದರೆ ಇಎಫ್‌ನಲ್ಲಿ ಐದಾರು ಅಂಕಿ ವ್ಯತ್ಯಾಸ ಬರುವುದು ಮಾಮೂಲು. ಕೆಲವರು ಎರಡು ಕೋನದಿಂದ ಗೆರೆ ಎಳೆದು ಸಿಂಪ್ಸನ್ ವಿಧಾನದಲ್ಲಿ ಲೆಕ್ಕ ಹಾಕುತ್ತಾರೆ, ಕೆಲವರು ಜನಜಂಗುಳಿಯಲ್ಲಿ ಕಣ್ಣಂದಾಜಿಗೇ ಬರೆಯುತ್ತಾರೆ. ಬಡಿತ ತಾಳ ತಪ್ಪಿದ್ದರೆ ಹಲವು ಬಡಿತ ಅಳೆದು ಸರಾಸರಿ ತೆಗೆಯಬೇಕು. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಚಿತ್ರವೇ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ 30 ಹೋಗಿ 33 ಆಯಿತು ಅಂತ ಹರಕೆ ತೀರಿಸಲು ಓಡಬೇಡಿ, 30 ಹೋಗಿ 28 ಆಯಿತು ಅಂತ ಅಳಬೇಡಿ. ಸಾಧ್ಯವಾದರೆ ಮೊದಲು ಮಾಡಿಸಿದಲ್ಲೇ ಮಾಡಿಸಿ. ಜ್ವರ, ಕೆಮ್ಮು, ಮೈಯೆಲ್ಲ ನೀರು ತುಂಬಿ ಅಡ್ಮಿಟ್ ಆದ ದಿನದ ಎಕೋವನ್ನು ನೆಮ್ಮದಿಯಾಗಿದ್ದ ದಿನದ ಎಕೋ ಜೊತೆ ಇಟ್ಟು ನೋಡುವುದೂ ಸರಿಯಲ್ಲ.

ಡಾಕ್ಟರನ್ನು ‘ಎಷ್ಟು ವರ್ಷ’ ಅಂತ ಕೇಳುವ ಬದಲು ಹೀಗೆ ಕೇಳಿ ನೋಡಿ: ಹೃದಯದ ಗಾತ್ರ ಕಳೆದ ಸಲಕ್ಕಿಂತ ಕಮ್ಮಿಯಾಯಿತಾ? ಒಳಗಿನ ಒತ್ತಡ ಇಳಿದಿದೆಯಾ? ಬಲಭಾಗ ಹೇಗಿದೆ? ಕವಾಟದ ಸೋರಿಕೆ ಕಡಿಮೆಯಾಯಿತಾ? ಈ ಪ್ರಶ್ನೆಗಳಿಗೆ ಅವರ ಹತ್ತಿರ ಉತ್ತರ ಇರುತ್ತೆ.

ಮನೆಯಲ್ಲಿ ನೀವು ಮಾಡಬಹುದಾದದ್ದೂ ಇದೆ. ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ; ಎರಡು ಮೂರು ದಿನಕ್ಕೆ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಆವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಕಡೆ ಊಟಕ್ಕೆ ಉಪ್ಪು ಕಮ್ಮಿ ಹಾಕಿ ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಇಟ್ಟಿರುತ್ತಾರೆ. ಅದೂ ಉಪ್ಪೇ ಅಂತ ಅಮ್ಮನಿಗೆ ತಿಳಿಸಿ ಹೇಳಬೇಕು. ಸೊಂಟ ನೋವು, ಮಂಡಿ ನೋವು ಅಂತ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಇನ್ನೂ ಕೆಟ್ಟದ್ದು, ಮೈಯಲ್ಲಿ ನೀರು ಹಿಡಿಸುತ್ತೆ, ಕಿಡ್ನಿಗೂ ಪೆಟ್ಟು. ತೋಟದ ಕೆಲಸ ಮಾಡಿದವರು ಇದನ್ನು ಔಷಧಿ ಅಂತಲೇ ಎಣಿಸುವುದಿಲ್ಲ, ಕೇಳಿದರೆ ‘ಬೇರೆ ಎಂತದೂ ತಗೊಳ್ಳಲ್ಲ’ ಅಂತಾರೆ.

ಮೂರು ತಿಂಗಳಿಗೆ ಬರುವಾಗ ಹಳೆಯ ಎಕೋ ರಿಪೋರ್ಟು, ಅದರ ಜೊತೆ ಪಿನ್ ಮಾಡಿದ ಫೋಟೊ ಪ್ರಿಂಟು ಎರಡನ್ನೂ ತನ್ನಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಆ ಫೋಟೊ ಸಾಮಾನ್ಯವಾಗಿ ಥರ್ಮಲ್ ಪೇಪರಿನದ್ದು, ಬಿಸಿ ತಾಗಿದರೆ ಪೂರಾ ಕಪ್ಪು. ಜೋಪಾನವಾಗಿರಲಿ ಅಂತ ಲ್ಯಾಮಿನೇಟ್ ಮಾಡಿಸಿಕೊಂಡು ಕರಿ ಹಾಳೆ ಹಿಡಿದು ಬರುವವರು ತಿಂಗಳಿಗೊಬ್ಬರಾದರೂ ಇದ್ದಾರೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು.